ಸ್ಟಾಲಿನ್‌ಗ್ರಾಡ್: ಕೊನೆಯ ಕೆಲವು ನೂರು ಮೀಟರ್ ಏಕೆ ಕೈಗೆ ಸಿಗಲಿಲ್ಲ?

ಪ್ರಶ್ನೆ: 1942ರ ನವೆಂಬರ್ ಹೊತ್ತಿಗೆ ಜರ್ಮನ್ 6ನೇ ಸೇನೆ ಸ್ಟಾಲಿನ್‌ಗ್ರಾಡಿನ ಬಹುಪಾಲನ್ನು ಹಿಡಿದಿತ್ತು ಎಂದು ಓದಿದ್ದೇನೆ. ವಿಮಾನ, ಟ್ಯಾಂಕ್, ಫಿರಂಗಿ ಎಲ್ಲವೂ ಇದ್ದ ಸೇನೆಗೆ ವೋಲ್ಗಾ ದಡದ ಕೊನೆಯ ಪಟ್ಟಿ ಮಾತ್ರ ಏಕೆ ಸಿಗಲಿಲ್ಲ? ಕಾರ್ಖಾನೆಗಳ ಒಳಗೆ ಕಾಳಗ ನಿಜಕ್ಕೂ ಹೇಗೆ ನಡೆಯುತ್ತಿತ್ತು? ಸಿನಿಮಾಗಳಲ್ಲಿ ತೋರಿಸುವಂತೆ ಸ್ನೈಪರ್‌ಗಳೇ ನಗರವನ್ನು ಉಳಿಸಿದರೇ?

ಉತ್ತರ: ಸ್ನೈಪರ್‌ಗಳ ಮಾತು ಆಮೇಲೆ ಬರಲಿ, ಅವರ ಪಾಲು ಚಿಕ್ಕದು. ನಗರ ಉಳಿದದ್ದಕ್ಕೆ ಮುಖ್ಯ ಕಾರಣ ನಗರದೊಳಗೆ ಇರಲೇ ಇಲ್ಲ, ನದಿಯ ಆಚೆ ದಡದಲ್ಲಿತ್ತು. ಜರ್ಮನ್ನರ ಬಲವೆಲ್ಲ ದೂರದಿಂದ ಹೊಡೆಯುವ ಬಲ. ಕುಸಿದ ಕಾರ್ಖಾನೆಗಳು ಆ ದೂರವನ್ನೇ ಇಲ್ಲವಾಗಿಸಿದವು. ಸೋವಿಯತ್ ಸೇನೆಯಾದರೋ ತನ್ನ ದೂರದ ಬಲವನ್ನು ಜರ್ಮನ್ ಪದಾತಿ ಕಾಲಿಡಲಾಗದ ಜಾಗದಲ್ಲಿ ಇಟ್ಟುಕೊಂಡಿತ್ತು.

ಮೊದಲು ನಗರದ ಆಕಾರ. ವೋಲ್ಗಾದ ಪಶ್ಚಿಮ ದಡಕ್ಕೆ ಅಂಟಿಕೊಂಡು ಮೂವತ್ತು ಕಿಲೋಮೀಟರಿಗೂ ಉದ್ದಕ್ಕೆ ಹಬ್ಬಿದ ಊರು ಇದು, ಅಗಲ ಮಾತ್ರ ಕೆಲವೇ ಕಿಲೋಮೀಟರ್. ದಕ್ಷಿಣದಲ್ಲಿ ಧಾನ್ಯದ ಎಲಿವೇಟರ್ (ಧಾನ್ಯ ತುಂಬಿಡುವ ಎತ್ತರದ ಉಗ್ರಾಣ), ನಡುವೆ ರೈಲು ನಿಲ್ದಾಣ ಮತ್ತು ದೋಣಿಗಟ್ಟೆ, ಅದಕ್ಕೂ ಉತ್ತರಕ್ಕೆ ಮಮಾಯೆವ್ ಕುರ್ಗಾನ್ ಎಂಬ, ಸಮುದ್ರಮಟ್ಟದಿಂದ 102 ಮೀಟರ್ ಎತ್ತರದ ದಿಬ್ಬ. ಅಲ್ಲಿಂದ ಮುಂದೆ ದಡದುದ್ದಕ್ಕೂ ಸಾಲಾಗಿ ‘ಕ್ರಾಸ್ನಿ ಒಕ್ತ್ಯಾಬ್ರ್’ ಉಕ್ಕಿನ ಕಾರ್ಖಾನೆ, ‘ಬ್ಯಾರಿಕೇಡಿ’ ಫಿರಂಗಿ ಕಾರ್ಖಾನೆ, ಕೊನೆಗೆ ಟ್ರ್ಯಾಕ್ಟರ್ ಕಾರ್ಖಾನೆ. ಯುದ್ಧದ ಹೊತ್ತಿಗೆ ಈ ಟ್ರ್ಯಾಕ್ಟರ್ ಕಾರ್ಖಾನೆಯಿಂದ ಹೊರಬರುತ್ತಿದ್ದದ್ದು ಟಿ-34 ಟ್ಯಾಂಕುಗಳು.

ನಗರವನ್ನು ಹಿಡಿಯುವ ಯಾವ ಸೇನಾಪತಿಯೂ ಮೊದಲು ಅದನ್ನು ಸುತ್ತುವರಿಯುತ್ತಾನೆ, ಒಳಗಿನವರ ಅನ್ನ ಮದ್ದು ನಿಲ್ಲಿಸುತ್ತಾನೆ, ಆಮೇಲೆ ಕೈಹಾಕುತ್ತಾನೆ. ಆಗಸ್ಟ್ 23ರಂದು ಜರ್ಮನ್ 16ನೇ ಪಾಂಜರ್ (ಟ್ಯಾಂಕ್) ಡಿವಿಷನ್ ನಗರದ ಉತ್ತರದ ರೈನೊಕ್ ಬಳಿ ವೋಲ್ಗಾ ಮುಟ್ಟಿತು. ಸೆಪ್ಟೆಂಬರಿನಲ್ಲಿ ದಕ್ಷಿಣದ ಕುಪೊರೊಸ್ನೊಯೆ ಬಳಿಯೂ ಜರ್ಮನ್ನರು ನದಿ ಮುಟ್ಟಿದರು. ಹೀಗೆ ಸೋವಿಯತ್ 62ನೇ ಸೇನೆ ಮೂರು ಕಡೆಯಿಂದ ಕಟ್ಟಿಹೋಯಿತು. ನಾಲ್ಕನೆಯ ಕಡೆ ಕಟ್ಟಬೇಕಾದರೆ ಕಿಲೋಮೀಟರಿಗೂ ಅಗಲದ ನದಿಯನ್ನು ದಾಟಿ ಆಚೆ ನೆಲೆಯೂರಬೇಕಿತ್ತು. ಅದಕ್ಕೆ ಬೇಕಾದ ಬಲ 6ನೇ ಸೇನೆಯ ಮುಖ್ಯಸ್ಥ ಪೌಲುಸ್ ಬಳಿ ಯಾವತ್ತೂ ಇರಲಿಲ್ಲ. ಉಳಿದದ್ದು ಒಂದೇ ದಾರಿ, ಪಶ್ಚಿಮದಿಂದ ನೇರವಾಗಿ ತಳ್ಳುತ್ತಾ ಹೋಗುವುದು. ಎದುರಾಳಿಯನ್ನು ಬಳಸಿ ಹೋಗಿ ಹಿಂದಿನಿಂದ ಹೊಡೆಯುವುದರಲ್ಲಿ ನಿಪುಣವಾಗಿದ್ದ ಸೇನೆಗೆ ಇದಕ್ಕಿಂತ ಕೆಟ್ಟ ಕೆಲಸ ಸಿಗಲಾರದು.

ಆಗಸ್ಟ್ 23ರ ಬಾಂಬ್ ದಾಳಿ ನಗರದ ಬಹುಭಾಗವನ್ನು ಸುಟ್ಟು ಕೆಡವಿತು. ಓಡಿಹೋಗಲಾಗದ ಸಾವಿರಾರು ನಾಗರಿಕರು ಅಲ್ಲೇ ನೆಲಮಾಳಿಗೆ, ಕೊರಕಲುಗಳಲ್ಲಿ ಉಳಿದರು. ಮುಂದಿನ ತಿಂಗಳುಗಳಲ್ಲಿ ಎರಡೂ ಕಡೆಯ ಗುಂಡಿಗೆ ಸಿಕ್ಕಿ ಸತ್ತವರಲ್ಲಿ ಇವರೂ ಬಹಳ. ಸೈನಿಕ ದೃಷ್ಟಿಯಿಂದ ನೋಡಿದರೂ ಆ ದಾಳಿ ಹೊಡೆದವರಿಗೇ ತಿರುಗಿತು. ನಿಂತಿರುವ ಕಟ್ಟಡಕ್ಕೆ ಬಾಂಬ್ ಬಿದ್ದರೆ ಒಳಗಿನವರು ಸಾಯುತ್ತಾರೆ. ಈಗಾಗಲೇ ಕುಸಿದ ಕಟ್ಟಡದ ಮೇಲೆ ಬಿದ್ದರೆ ಇಟ್ಟಿಗೆ ಆಚೀಚೆ ಸರಿಯುತ್ತದೆ, ಅಷ್ಟೆ. ಎರಡು ಮೂರು ಮೀಟರ್ ದಪ್ಪದ ಇಟ್ಟಿಗೆ, ಕಾಂಕ್ರೀಟು, ತಿರುಚಿದ ತೊಲೆಗಳ ಕೆಳಗಿನ ನೆಲಮಾಳಿಗೆ ಎಂದರೆ ಹೆಚ್ಚಿನ ಶೆಲ್‌ಗಳನ್ನು ತಡೆಯುವ ಸಿದ್ಧ ಬಂಕರ್. ಬೀದಿಗೆ ಬಿದ್ದ ಗೋಡೆಗಳು ಟ್ಯಾಂಕುಗಳ ದಾರಿ ಮುಚ್ಚಿದವು. ತೆರೆದಿದ್ದ ಒಂದೆರಡು ಬೀದಿಗಳಲ್ಲೇ ಅವು ಬರಬೇಕಾಯಿತು, ಎಲ್ಲಿಂದ ಬರುತ್ತವೆ ಎಂಬುದು ಕಾಯುವವನಿಗೆ ಮೊದಲೇ ಗೊತ್ತು.

ಟ್ಯಾಂಕಿನ ತೊಂದರೆಯನ್ನು ಲೆಕ್ಕ ಹಾಕಿಯೇ ನೋಡಬಹುದು. ಪಾಂಜರ್ 4ರ ಫಿರಂಗಿ ಮೇಲಕ್ಕೆ ಸುಮಾರು 20 ಡಿಗ್ರಿ ಏಳುತ್ತದೆ, ಕೆಳಕ್ಕೆ ಸುಮಾರು 10 ಡಿಗ್ರಿ ಬಗ್ಗುತ್ತದೆ. ನಳಿಗೆ ನೆಲದಿಂದ ಎರಡು ಮೀಟರ್ ಎತ್ತರದಲ್ಲಿದೆ ಎನ್ನಿ. ಎದುರಿನ ಕಟ್ಟಡ ಹದಿನೈದು ಮೀಟರ್ ದೂರವಿದ್ದರೆ ಏಳೂವರೆ ಮೀಟರ್ ಎತ್ತರದವರೆಗೆ ಮಾತ್ರ ಅದು ಹೊಡೆಯಬಲ್ಲದು, ಮೂರನೆಯ ಅಂತಸ್ತಿನ ಕಿಟಕಿ ಅದಕ್ಕೆ ಕಷ್ಟ, ನಾಲ್ಕನೆಯದು ಅಸಾಧ್ಯ. ಕೆಳಗೆ ನೋಡಿದರೆ ಹನ್ನೊಂದು ಮೀಟರಿಗಿಂತ ಹತ್ತಿರದ ನೆಲವೇ ಅದಕ್ಕೆ ಸಿಗುವುದಿಲ್ಲ. ಅಂದರೆ ಅಷ್ಟು ಹತ್ತಿರದ ನೆಲಮಟ್ಟದ ಕಿಂಡಿಯಲ್ಲಿ ಕೂತವನೂ ಮಾಳಿಗೆಯ ಮೇಲೆ ಕೂತವನೂ ಇಬ್ಬರೂ ಸುರಕ್ಷಿತ. ಇತ್ತ ಟ್ಯಾಂಕಿನ ಮೇಲ್ಭಾಗದ ಮತ್ತು ಇಂಜಿನ್ ಮುಚ್ಚಳದ ಉಕ್ಕು ಮುಂಭಾಗದ ಮುಂದೆ ಏನೂ ಅಲ್ಲ. 14.5 ಮಿಲಿಮೀಟರಿನ ಟ್ಯಾಂಕ್ ನಿರೋಧಕ ರೈಫಲ್ ಬಯಲಿನಲ್ಲಿ ಎದುರಿನಿಂದ ಹೊಡೆದರೆ ಉಪಯೋಗವಿಲ್ಲ, ಮಾಳಿಗೆಯಿಂದ ಕೆಳಕ್ಕೆ ಹೊಡೆದರೆ ಕೆಲಸ ಮಾಡುತ್ತದೆ. ಪೆಟ್ರೋಲ್ ಬಾಟಲಿಯೂ ಅಷ್ಟೆ. ಕಟ್ಟಡ ಒಡೆಯಲೆಂದೇ ಜರ್ಮನ್ನರು 150 ಮಿಲಿಮೀಟರಿನ ಪದಾತಿ ಫಿರಂಗಿಯನ್ನು ಆಕ್ರಮಣ ವಾಹನದ ಮೇಲೆ ಕೂರಿಸಿ ತಂದರು. ಒಟ್ಟು ತಯಾರಾದದ್ದೇ 24, ನಗರಕ್ಕೆ ಬಂದದ್ದು ಅದರಲ್ಲೊಂದು ಭಾಗ.

ಸೆಪ್ಟೆಂಬರ್ 12ರಂದು 62ನೇ ಸೇನೆಯ ಹೊಣೆ ಹೊತ್ತ ವಾಸಿಲಿ ಚುಯ್ಕೊವ್ ಗಮನಿಸಿದ್ದು ಜರ್ಮನ್ ದಾಳಿಯ ಕ್ರಮವನ್ನು. ಮೊದಲು ವಿಮಾನ, ಆಮೇಲೆ ಟ್ಯಾಂಕ್, ಟ್ಯಾಂಕ್ ಮುಂದೆ ಹೋದ ಮೇಲೆ ಪದಾತಿ. ಒಂದು ತಪ್ಪಿದರೆ ಉಳಿದದ್ದು ಹಿಂಜರಿಯುತ್ತದೆ. ಆದ್ದರಿಂದ ಅವನು ಮುಂಚೂಣಿಯನ್ನು ಆದಷ್ಟೂ ಜರ್ಮನ್ನರಿಗೆ ಒತ್ತಿ ಹಿಡಿಯಲು ಹೇಳಿದ. ಎರಡು ಸಾಲುಗಳ ನಡುವೆ ಗ್ರೆನೇಡ್ ಎಸೆತದಷ್ಟೇ ಅಂತರವಿದ್ದರೆ ಡೈವ್ ಬಾಂಬರ್ ಹಾಕುವ ಬಾಂಬು ಯಾರ ತಲೆಯ ಮೇಲೆ ಬೀಳುತ್ತದೋ ಹೇಳಲಾಗದು. ಜರ್ಮನ್ನರು ತಮ್ಮ ವಿಮಾನಗಳಿಗೆ ಗುರುತು ಸಿಗಲೆಂದು ಸಿಗ್ನಲ್ ಬೆಳಕು ಹಾರಿಸುತ್ತಿದ್ದರು, ಸ್ವಸ್ತಿಕದ ಬಾವುಟವನ್ನು ನೆಲಕ್ಕೆ ಹಾಸುತ್ತಿದ್ದರು. ಸೋವಿಯತ್ ಸೈನಿಕರು ಅದೇ ಬಣ್ಣದ ಬೆಳಕನ್ನು ತಾವೂ ಹಾರಿಸಿ ಗೊಂದಲ ಮಾಡಲು ಕಲಿತರು. ಟ್ಯಾಂಕುಗಳು ಬಂದಾಗ ಮುಂದಿನ ಕಟ್ಟಡದವರು ಸುಮ್ಮನಿದ್ದು ಅವನ್ನು ಒಳಗೆ ಬಿಡುತ್ತಿದ್ದರು. ಹಿಂದೆ ಬರುವ ಪದಾತಿಯ ಮೇಲೆ ಆಗ ಮಷಿನ್ ಗನ್ ತೆರೆಯುತ್ತಿತ್ತು. ಪದಾತಿ ಕಳೆದುಕೊಂಡ ಟ್ಯಾಂಕುಗಳು ಒಳಗೆ ಹುಗಿದಿಟ್ಟ ಟಿ-34, 45 ಮತ್ತು 76 ಮಿಲಿಮೀಟರ್ ಫಿರಂಗಿಗಳ ಬಾಯಿಗೆ ಬೀಳುತ್ತಿದ್ದವು.

ಇದಕ್ಕೂ ದುಬಾರಿ ಬೆಲೆ ಇತ್ತು, ಅದನ್ನು ಮರೆಸಿ ಹೇಳುವುದು ತಪ್ಪು. ಅಷ್ಟು ಹತ್ತಿರದ ಸಾಲಿನಲ್ಲಿ ಕಾವಲುಗಾರ ಅರೆಕ್ಷಣ ತೂಕಡಿಸಿದರೆ ಮುಗಿಯಿತು. ಗಾಯಾಳುವನ್ನು ಹಗಲಿನಲ್ಲಿ ಹಿಂದಕ್ಕೆ ಒಯ್ಯಲಾಗದು. ನೀರಿಗಾಗಿ ನದಿಗೆ ಇಳಿದವನು ತಿರುಗಿ ಬರುವುದು ಗ್ಯಾರಂಟಿ ಇಲ್ಲ. ಸೆಪ್ಟೆಂಬರ್ ಮಧ್ಯದಲ್ಲಿ ಧಾನ್ಯದ ಎಲಿವೇಟರ್ ಒಳಗೆ ಸುಮಾರು ಐವತ್ತು ಜನ ದಿನಗಟ್ಟಲೆ ತಡೆದು ನಿಂತರು. ಅವರನ್ನು ಸೋಲಿಸಿದ್ದರಲ್ಲಿ ಬಾಯಾರಿಕೆಯ ಪಾಲು ದೊಡ್ಡದು. ಮ್ಯಾಕ್ಸಿಂ ಮಷಿನ್ ಗನ್ನಿನ ನಳಿಗೆ ತಣಿಸಲು ಸುಮಾರು ನಾಲ್ಕು ಲೀಟರ್ ನೀರು ಬೇಕು. ಧಾನ್ಯ ಹೊತ್ತಿ ಉರಿದು ಹೊಗೆ ತುಂಬಿದಾಗ ಮನುಷ್ಯರಿಗೂ ನೀರಿಲ್ಲ, ಗನ್ನಿಗೂ ಇಲ್ಲ.

ಈಗ ಕಾರ್ಖಾನೆಗಳಿಗೆ ಬರೋಣ. ವಸತಿ ಕಟ್ಟಡಕ್ಕೂ ಕಾರ್ಖಾನೆಗೂ ದೊಡ್ಡ ವ್ಯತ್ಯಾಸವಿದೆ. ಮನೆಗೆ ಕೋಣೆಗಳಿವೆ, ಒಂದೊಂದಾಗಿ ಹಿಡಿಯಬಹುದು. ಕಾರ್ಖಾನೆಯ ಶೆಡ್ ನೂರಾರು ಮೀಟರ್ ಉದ್ದದ ಒಂದೇ ಹಜಾರ. ಉಕ್ಕಿನ ಚೌಕಟ್ಟು ಇರುವುದರಿಂದ ಗೋಡೆ ಹೋದರೂ ಅದು ಪೂರ್ತಿ ಕುಸಿಯುವುದಿಲ್ಲ, ತಗಡಿನ ಮಾಡು ಚೂರುಚೂರಾಗಿ ಜೋತಾಡುತ್ತದೆ. ನೆಲದ ಮೇಲೆ ಲೇತ್, ಪ್ರೆಸ್ಸು, ಅಚ್ಚುಗಳು, ಅರ್ಧಂಬರ್ಧ ತಯಾರಾದ ಫಿರಂಗಿ ನಳಿಗೆಗಳು. ಒಂದೊಂದು ಯಂತ್ರದ ಹಿಂದೆಯೂ ಒಬ್ಬ ಅಡಗಬಹುದು. ನೆಲದ ಕೆಳಗೆ ಹಬೆ ಕೊಳವೆ, ಕೇಬಲ್, ಚರಂಡಿಗಳ ಸುರಂಗಗಳು. ಉಕ್ಕಿನ ಕಾರ್ಖಾನೆಯಲ್ಲಿ ಇದರ ಜೊತೆಗೆ ಮಾರ್ಟಿನ್ ಕುಲುಮೆಗಳು. ಉಕ್ಕು ಕರಗಿಸುವ ಶಾಖ ತಡೆಯಲು ಕಟ್ಟಿದ ದಪ್ಪ ಇಟ್ಟಿಗೆಯ ಆ ಕೋಣೆಗಳಿಗೆ ಸಾಮಾನ್ಯ ಶೆಲ್ ಏನೂ ಮಾಡದು. ಅಕ್ಟೋಬರ್ 23ರಿಂದ ಜರ್ಮನ್ 79ನೇ ಪದಾತಿ ಡಿವಿಷನ್ ಕ್ರಾಸ್ನಿ ಒಕ್ತ್ಯಾಬ್ರ್ ಮೇಲೆ ಬಿದ್ದು ಹೆಚ್ಚಿನ ಶೆಡ್‌ಗಳನ್ನು ಹಿಡಿಯಿತು, ಆದರೆ ಕುಲುಮೆಗಳಿದ್ದ 4ನೇ ಶೆಡ್ ಮುಂದೆ ಪದೇ ಪದೇ ನಿಂತುಹೋಯಿತು.

ಇಂಥ ಜಾಗದಲ್ಲಿ ಕಂಪನಿ, ಬೆಟಾಲಿಯನ್ ಎಂಬ ಲೆಕ್ಕ ಕೆಲಸಕ್ಕೆ ಬಾರದು. ಹಾಗಾಗಿ ಸೋವಿಯತ್ ಕಡೆ ಬಂದದ್ದು ಆಕ್ರಮಣ ಗುಂಪು. ಒಟ್ಟು ಇಪ್ಪತ್ತರಿಂದ ಐವತ್ತು ಜನ, ಮೂರು ಭಾಗ. ಒಳನುಗ್ಗುವವರು ಆರರಿಂದ ಎಂಟು ಜನರ ಸಣ್ಣ ತಂಡಗಳು. ಅವರ ಬಳಿ ಪಿಪಿಎಸ್‌ಎಚ್ ಸಬ್‌ಮಷಿನ್ ಗನ್, ತಲಾ ಹತ್ತರ ಹತ್ತಿರ ಗ್ರೆನೇಡ್, ಕಠಾರಿ, ಅಂಚು ಮಸೆದ ಸಲಿಕೆ. ಅವರು ಒಳಗೆ ಕಾಲಿಟ್ಟೆವೆಂದು ಸಂಕೇತ ಕೊಟ್ಟ ತಕ್ಷಣ ಎರಡನೆಯ ಭಾಗ ಬೇರೆ ಬೇರೆ ದಿಕ್ಕಿನಿಂದ ನುಗ್ಗುತ್ತದೆ. ಭಾರದ ಮಷಿನ್ ಗನ್, ಮಾರ್ಟರ್, ಟ್ಯಾಂಕ್ ನಿರೋಧಕ ರೈಫಲ್, ಹಾರೆ, ಪಿಕಾಸಿ, ಸಿಡಿಮದ್ದು ಇವರ ಹೊಣೆ. ಇವರ ಕೆಲಸ ಕಟ್ಟಡ ಹಿಡಿಯುವುದಲ್ಲ, ಹಿಡಿದ ಕಟ್ಟಡಕ್ಕೆ ನೆರವು ಬರದಂತೆ ಹೊರಗಿನ ದಾರಿಗಳನ್ನು ಮುಚ್ಚುವುದು. ಮೂರನೆಯದು ಮೀಸಲು, ಬೇಕಾದಲ್ಲಿ ತುಂಬಲು.

ಇಡೀ ಕೆಲಸದಲ್ಲಿ ನುಗ್ಗುವುದು ಕೆಲವೇ ನಿಮಿಷ, ಸಿದ್ಧತೆಯೇ ದಿನಗಟ್ಟಲೆ. ಯಾವ ಕಿಟಕಿಯಿಂದ ಗುಂಡು ಬರುತ್ತದೆ, ಕಾವಲು ಯಾವಾಗ ಬದಲಾಗುತ್ತದೆ, ಊಟ ಯಾವಾಗ ಬರುತ್ತದೆ ಎಂದು ನೋಡಬೇಕು. ರಾತ್ರಿ ಹೊತ್ತು ಕಂದಕ ತೋಡುತ್ತಾ ಗುರಿಯಿಂದ ಇಪ್ಪತ್ತು ಮೂವತ್ತು ಮೀಟರಿನವರೆಗೆ ತರಬೇಕು, ಹಗಲು ಅದನ್ನು ಮರೆಮಾಚಬೇಕು. ಬಯಲಿನಲ್ಲಿ ಓಡಬೇಕಾದ ದೂರ ಎಷ್ಟು ಕಡಿಮೆಯೋ ಸಾಯುವವರು ಅಷ್ಟು ಕಡಿಮೆ. ಮುಂಚಿತ ಫಿರಂಗಿ ದಾಳಿಯನ್ನು ಕೆಲವೊಮ್ಮೆ ಬೇಕೆಂದೇ ಬಿಡುತ್ತಿದ್ದರು, ಅದು ಎದುರಾಳಿಯನ್ನು ಎಬ್ಬಿಸಿ ಕೂರಿಸುತ್ತದೆ. ಒಳಗೆ ಹೋಗುವಾಗ ಚುಯ್ಕೊವ್ ಹಾಕಿಕೊಟ್ಟ ನಿಯಮ ಸರಳ: ಮೊದಲು ಗ್ರೆನೇಡ್, ಅದರ ಹಿಂದೆ ನೀನು. ಬಾಗಿಲಿನಿಂದ ಹೋಗುವುದು ಕಡಿಮೆ, ಗೋಡೆಗೆ ಕನ್ನ ಹಾಕಿ ಹೋಗುವುದೇ ಹೆಚ್ಚು.

ಆಯುಧಗಳ ಆಯ್ಕೆಯ ಹಿಂದೆಯೂ ಲೆಕ್ಕವಿದೆ. ಮೊಸಿನ್ ರೈಫಲ್ 1.23 ಮೀಟರ್ ಉದ್ದ, ಅದನ್ನು ಹಿಡಿದು ಮೆಟ್ಟಿಲ ತಿರುವಿನಲ್ಲಿ ಹೊರಳಲಾಗದು. ಪಿಪಿಎಸ್‌ಎಚ್ 0.84 ಮೀಟರ್, ಡ್ರಮ್ಮಿನಲ್ಲಿ 71 ಗುಂಡು. ಆದರೆ ಬೆರಳು ಬಿಡದೆ ಒತ್ತಿದರೆ ಐದು ಸೆಕೆಂಡಿನಲ್ಲಿ ಡ್ರಮ್ ಖಾಲಿ, ಹೊಸಬರು ಹೀಗೇ ಸಿಕ್ಕಿಬೀಳುತ್ತಿದ್ದರು. ಎಫ್-1 ಗ್ರೆನೇಡ್ ಸಿಡಿಯಲು ಮೂರರಿಂದ ನಾಲ್ಕು ಸೆಕೆಂಡ್ ತೆಗೆದುಕೊಳ್ಳುತ್ತದೆ. ಅವಸರದಲ್ಲಿ ಎಸೆದರೆ ಒಳಗಿನವನು ಅದನ್ನೇ ಎತ್ತಿ ಹೊರಗೆ ಎಸೆಯುತ್ತಾನೆ. ಜರ್ಮನ್ನರು ಕಿಟಕಿಗಳಿಗೆ ತಂತಿ ಬಲೆ ಕಟ್ಟಿ ಗ್ರೆನೇಡ್ ಪುಟಿಯುವಂತೆ ಮಾಡಿದರು. ಸೋವಿಯತ್ ಸೈನಿಕರು ಗ್ರೆನೇಡಿಗೆ ಕೊಕ್ಕೆ ಕಟ್ಟಿ ಬಲೆಗೇ ಸಿಕ್ಕಿಸಿದರು.

ಕೆಡುತ್ತಿದ್ದದ್ದು ಎಲ್ಲಿ? ಹೆಚ್ಚಾಗಿ ಹಿಡಿದ ಮೇಲೆ. ಶೆಡ್ಡಿನ ನೆಲ ಕೈಗೆ ಬಂತು ಎಂದುಕೊಂಡವರ ಬೆನ್ನಿಗೆ ಚರಂಡಿಯಿಂದ ಎದುರಾಳಿ ಎದ್ದು ಬರುತ್ತಾನೆ. ಹಿಡಿದ ಜಾಗಕ್ಕೆ ಕಾವಲು ಹಾಕಲು ಜನ ಬೇಕು. ಮುಂದೆ ಹೋಗಲೂ ಜನ ಬೇಕು. ಜರ್ಮನ್ನರಿಗೆ ಅಕ್ಟೋಬರಿನಲ್ಲಿ ಕೊರತೆಯಾದದ್ದು ಇದೇ. ಅಕ್ಟೋಬರ್ 14ರಂದು 14ನೇ ಮತ್ತು 24ನೇ ಪಾಂಜರ್, 305ನೇ ಮತ್ತು 389ನೇ ಪದಾತಿ ಡಿವಿಷನ್‌ಗಳು ಟ್ರ್ಯಾಕ್ಟರ್ ಕಾರ್ಖಾನೆಯ ಮೇಲೆ ಒಟ್ಟಿಗೆ ಬಿದ್ದವು. ಕಾರ್ಖಾನೆ ಸಿಕ್ಕಿತು, ಅದರ ಆಚೆ ವೋಲ್ಗಾ ಕೂಡ ಸಿಕ್ಕಿತು. ಸೋವಿಯತ್ ಸೇನಾಧಿಕಾರಿ ಜೊಲುದೆವ್‌ನ 37ನೇ ಗಾರ್ಡ್ಸ್ ಡಿವಿಷನ್ ನುಚ್ಚುನೂರಾಯಿತು. ಇಡೀ ಕದನದಲ್ಲಿ 62ನೇ ಸೇನೆ ಮುರಿಯುವ ಹಂತಕ್ಕೆ ಅತಿ ಹತ್ತಿರ ಬಂದದ್ದು ಆ ವಾರ ಎಂಬುದು ನನ್ನ ಅಭಿಪ್ರಾಯ. ಆದರೆ ಅಷ್ಟು ಹೊತ್ತಿಗೆ ಜರ್ಮನ್ ಕಂಪನಿಗಳಲ್ಲಿ ಹಲವು ಮೂವತ್ತು ನಲವತ್ತು ಜನಕ್ಕೆ ಇಳಿದಿದ್ದವು. ಗೆಲುವನ್ನು ದಕ್ಷಿಣಕ್ಕೆ ಹಬ್ಬಿಸಲು ಕಾಲಾಳು ಉಳಿದಿರಲಿಲ್ಲ.

ನವೆಂಬರ್ 11ರ ಕೊನೆಯ ದೊಡ್ಡ ದಾಳಿಯ ಕಥೆಯೂ ಇದೇ. ಹಿಟ್ಲರನ ಕಡೆ ಇದಕ್ಕಾಗಿ ಬೇರೆ ಕಡೆಯಿಂದ ಪಯೋನಿಯರ್ ಬೆಟಾಲಿಯನ್‌ಗಳನ್ನು ತರಿಸಿದರು. ಪಯೋನಿಯರ್‌ಗಳೆಂದರೆ ಸಿಡಿಮದ್ದು, ಬೆಂಕಿಯುಗುಳುವ ಯಂತ್ರಗಳಲ್ಲಿ ಪಳಗಿದ ಇಂಜಿನಿಯರ್ ಸೈನಿಕರು. ಬ್ಯಾರಿಕೇಡಿಯ ಹಿಂದಿದ್ದ ‘ಔಷಧಾಲಯ’ ಮತ್ತು ‘ಕಮಿಸಾರ್ ಮನೆ’ ಎಂದು ಅವರು ಕರೆದ ಕಟ್ಟಡಗಳಿಗೆ ಅವರು ನುಗ್ಗಿದರು. ಆದರೆ ಬಯಲಿನ ಬಂಕರ್ ಒಡೆಯುವುದು ಬೇರೆ, ದಾರಿಯೇ ಗೊತ್ತಿಲ್ಲದ ಅವಶೇಷದೊಳಗೆ ಹೋಗುವುದು ಬೇರೆ. ಅವರ ಹಿಂದೆ ಜಾಗ ಹಿಡಿದು ಕೂರುವ ಪದಾತಿ ಇಲ್ಲದೆ ಕೆಲವೇ ದಿನಗಳಲ್ಲಿ ಈ ಪರಿಣತರೂ ಸವೆದುಹೋದರು. ಆದರೂ ಲ್ಯುದ್ನಿಕೊವ್‌ನ 138ನೇ ಡಿವಿಷನ್ ಉಳಿದವರಿಂದ ತುಂಡಾಗಿ, ಬೆನ್ನಿಗೆ ನದಿ ಇಟ್ಟುಕೊಂಡು ಸುಮಾರು 700 ಮೀಟರ್ ಅಗಲ, 400 ಮೀಟರ್ ಆಳದ ತುಣುಕಿನಲ್ಲಿ ಸಿಕ್ಕಿಕೊಂಡಿತು. ನದಿಯಲ್ಲಿ ಆಗ ಹಿಮದ ಚಪ್ಪಡಿಗಳು ತೇಲುತ್ತಿದ್ದವು, ದೋಣಿ ಬರುವುದು ದುಸ್ತರ. ರಾತ್ರಿ ಪುಟ್ಟ ಪೊ-2 ವಿಮಾನಗಳು ಮೂಟೆ ಎಸೆದರೆ, ಜಾಗ ಅಷ್ಟು ಕಿರಿದಾದ್ದರಿಂದ ಹಲವು ನೀರಿಗೆ ಇಲ್ಲವೇ ಜರ್ಮನ್ನರ ಕಡೆಗೆ ಬೀಳುತ್ತಿದ್ದವು. ಡಿಸೆಂಬರ್ ಕೊನೆಯ ಭಾಗದಲ್ಲಿ ಉಳಿದವರೊಂದಿಗೆ ಮತ್ತೆ ಕೂಡುವವರೆಗೂ ಆ ತುಣುಕು ಬಿದ್ದುಹೋಗಲಿಲ್ಲ.

ಹೇಗೆ? ಇಲ್ಲಿಯೇ ಆಚೆ ದಡದ ಮಾತು ಬರುವುದು. 62ನೇ ಸೇನೆಯ ಭಾರಿ ಫಿರಂಗಿಗಳು ವೋಲ್ಗಾದ ಪೂರ್ವ ದಡದಲ್ಲೇ ಇದ್ದವು. ಪಶ್ಚಿಮದಲ್ಲಿ ಇದ್ದದ್ದು ಗುರಿ ನೋಡಿ ಹೇಳುವವರು, ಫೋನು, ರೇಡಿಯೊ. ಫಿರಂಗಿಯ ಮದ್ದನ್ನು ಹಡಗಿನಲ್ಲಿ ನದಿ ದಾಟಿಸುವ ಕೆಲಸವೇ ಇಲ್ಲ, ಶೆಲ್ ತಾನೇ ಹಾರಿ ದಾಟುತ್ತದೆ. ಇದರಿಂದ ದೋಣಿಗಳಲ್ಲಿ ಬರಬೇಕಾದದ್ದು ಜನ, ಗ್ರೆನೇಡ್, ಗುಂಡು, ಊಟ ಮಾತ್ರ. ಮರಳುವಾಗ ಅದೇ ದೋಣಿಯಲ್ಲಿ ಗಾಯಾಳುಗಳು. ಎಲ್ಲವೂ ರಾತ್ರಿ. ಜರ್ಮನ್ನರು ದಾಳಿಗೆ ಗುಂಪುಗೂಡುತ್ತಿದ್ದಂತೆ ಆಚೆ ದಡದ ಫಿರಂಗಿಗಳು ಆ ಜಾಗದ ಮೇಲೆ ಒಮ್ಮೆಗೇ ಸುರಿಯುತ್ತಿದ್ದವು. ಎಷ್ಟೋ ದಾಳಿ ಶುರುವಾಗುವ ಮೊದಲೇ ಚದುರಿದ್ದು ಹೀಗೆ.

ಪಶ್ಚಿಮ ದಡದ ಕಡಿದಾದ ಅಂಚೂ ಒಂದು ವರ. ಅದರ ಬುಡಕ್ಕೆ ನೇರ ಗುಂಡು ತಲುಪದು. ಸೇನಾ ಕಚೇರಿ, ಚಿಕಿತ್ಸಾ ಠಾಣೆ, ಮದ್ದಿನ ಸಂಗ್ರಹ ಎಲ್ಲವನ್ನೂ ಅಲ್ಲಿಯೇ ಕೊರೆದು ಕೂರಿಸಿದ್ದರು. ಅಕ್ಟೋಬರ್ ಆರಂಭದಲ್ಲಿ ಚುಯ್ಕೊವ್‌ನ ಕಚೇರಿಯ ಮೇಲ್ಭಾಗದಲ್ಲಿದ್ದ ತೈಲದ ಟ್ಯಾಂಕುಗಳಿಗೆ ಬೆಂಕಿ ಹತ್ತಿ ಉರಿಯುವ ಎಣ್ಣೆ ಇಳಿಜಾರಿನಲ್ಲಿ ಹರಿದು ನದಿ ಸೇರಿತು. ಖಾಲಿ ಎಂದುಕೊಂಡಿದ್ದ ಟ್ಯಾಂಕುಗಳವು. ಕಚೇರಿ ಅದೃಷ್ಟದಿಂದ ಉಳಿಯಿತು.

ಇನ್ನು ಸ್ನೈಪರ್‌ಗಳು. ಬತ್ಯುಕ್‌ನ 284ನೇ ಡಿವಿಷನ್ನಿನ ವಾಸಿಲಿ ಜೈತ್ಸೆವ್ ನವೆಂಬರ್ 10ರಿಂದ ಡಿಸೆಂಬರ್ 17ರ ನಡುವೆ 225 ಜನರನ್ನು ಹೊಡೆದನೆಂದು ಸೋವಿಯತ್ ದಾಖಲೆ ಹೇಳುತ್ತದೆ. ಸ್ನೈಪರ್ ಇರುವ ಕಡೆ ಎದುರಾಳಿ ಹಗಲು ಊಟ ತರಲಾರ, ನೀರು ತರಲಾರ, ಅಧಿಕಾರಿ ತಲೆ ಎತ್ತಿ ನೋಡಲಾರ. ಅದು ನಿಜವಾದ ಲಾಭ. ಆದರೆ ಹಗಲೆಲ್ಲ ಬರುವ ರೆಜಿಮೆಂಟ್ ದಾಳಿಯನ್ನು ನಿಲ್ಲಿಸುವುದು ಫಿರಂಗಿ, ಮಾರ್ಟರ್, ಮಷಿನ್ ಗನ್. ಜೈತ್ಸೆವ್ ಮತ್ತು ಜರ್ಮನ್ ಮೇಜರ್ ಒಬ್ಬನ ದ್ವಂದ್ವದ ಕಥೆಗೆ ಜರ್ಮನ್ ಕಡೆಯ ಯಾವ ಪುರಾವೆಯೂ ಇಲ್ಲ. ಪಾವ್ಲೊವ್ ಮನೆ ಎಂದು ಹೆಸರಾದ ವಸತಿ ಕಟ್ಟಡದ ವಿಷಯವೂ ಹೀಗೆಯೇ: 58 ದಿನ ಹಿಡಿದು ನಿಂತದ್ದು ಸತ್ಯ, ಆದರೆ ಸಾರ್ಜೆಂಟ್ ಪಾವ್ಲೊವ್ ಒಬ್ಬನ ಹೆಸರೇ ಉಳಿಯಿತು, ಅಲ್ಲಿನ ರಕ್ಷಣೆಯ ಹೊಣೆ ಹೊತ್ತ ಲೆಫ್ಟಿನೆಂಟ್ ಅಫನಾಸ್ಯೆವ್‌ನದು ಹಿಂದೆ ಸರಿಯಿತು. ಇಂಟರ್‌ನೆಟ್ಟಿನಲ್ಲಿ ಪಾವ್ಲೊವ್ ಮನೆ ಎಂದು ಓಡಾಡುವ ಕೆಂಪು ಇಟ್ಟಿಗೆಯ ಪಾಳು ಕಟ್ಟಡದ ಚಿತ್ರ ಹೆಚ್ಚಾಗಿ ರಸ್ತೆಯ ಆಚೆಯ ಹಿಟ್ಟಿನ ಗಿರಣಿಯದು.

ನಗರದೊಳಗಿನ ಹೋರಾಟವೊಂದೇ ಯುದ್ಧ ಗೆದ್ದಿತು ಎಂದೂ ಹೇಳಲಾಗದು. ಸೋವಿಯತ್ ಮುಖ್ಯ ಕಚೇರಿ 62ನೇ ಸೇನೆಗೆ ಸಾಯದಷ್ಟು ಮಾತ್ರ ಕೊಡುತ್ತಾ ಬಂತು. ರೊದಿಮ್ತ್ಸೆವ್‌ನ 13ನೇ ಗಾರ್ಡ್ಸ್ ಸೆಪ್ಟೆಂಬರ್ 14-15ರ ರಾತ್ರಿ ನದಿ ದಾಟಿತು, ಆಮೇಲೆ ಒಂದೊಂದಾಗಿ 284, 193, 39 ಗಾರ್ಡ್ಸ್, 308, 37 ಗಾರ್ಡ್ಸ್, 138. ಹಿಂದಿನದು ಸವೆದಾಗ ಮುಂದಿನದು. ಉಳಿದ ಬಲವನ್ನೆಲ್ಲ ಜರ್ಮನ್ನರ ಪಕ್ಕೆಗಳಲ್ಲಿದ್ದ ರೊಮೇನಿಯನ್ ಸೇನೆಗಳ ಎದುರು ಕೂಡಿಹಾಕುತ್ತಿದ್ದರು. ನವೆಂಬರ್ 19ಕ್ಕೆ ಆ ದಾಳಿ ಶುರುವಾಗಿ 23ಕ್ಕೆ ಕುಣಿಕೆ ಮುಚ್ಚಿತು, ಎರಡೂವರೆ ಲಕ್ಷಕ್ಕೂ ಹೆಚ್ಚು ಜನ ಒಳಗೆ ಸಿಕ್ಕರು.

ಆಗ ಪಾತ್ರ ಅದಲುಬದಲಾಯಿತು. ಅದೇ ಅವಶೇಷ, ಅದೇ ನೆಲಮಾಳಿಗೆ, ಈಗ ಜರ್ಮನ್ನರದು. ಆದರೂ ಅವು ಅವರನ್ನು ಉಳಿಸಲಿಲ್ಲ. 62ನೇ ಸೇನೆಗಿದ್ದದ್ದು ಒಂದು ನದಿಯ ಆಚೆಗಿನ ಉಗ್ರಾಣ. 6ನೇ ಸೇನೆಯ ಉಗ್ರಾಣ ನೂರಾರು ಕಿಲೋಮೀಟರ್ ಆಚೆ, ದಾರಿ ಆಕಾಶ. ದಿನಕ್ಕೆ ಕನಿಷ್ಠ 300 ಟನ್ ಬೇಕಿತ್ತು. ಯುಂಕರ್ಸ್ 52 ವಿಮಾನ ಒಮ್ಮೆಗೆ ಸುಮಾರು ಎರಡು ಟನ್ ಹೊರುತ್ತದೆ, ಅಂದರೆ ದಿನಕ್ಕೆ 150 ಹಾರಾಟ, ಚಳಿಗಾಲದ ಮಂಜಿನಲ್ಲಿ. ಬಂದದ್ದು ಸರಾಸರಿ 100ರಿಂದ 120 ಟನ್. ಜನವರಿ 16ಕ್ಕೆ ಪಿತೋಮ್ನಿಕ್ ವಿಮಾನ ನಿಲ್ದಾಣ ಹೋಯಿತು, ಅದರ ಹಿಂದೆಯೇ ಗುಮ್ರಾಕ್. ಇಂಧನವಿಲ್ಲದೆ ಟ್ಯಾಂಕು ನಿಂತವು, ಮದ್ದಿಲ್ಲದೆ ಫಿರಂಗಿ ನಿಂತವು. ಜನವರಿ 31ರಂದು ಪೌಲುಸ್ ಶರಣಾದದ್ದು ಯೂನಿವರ್ಮಾಗ್ ಅಂಗಡಿಯ ನೆಲಮಾಳಿಗೆಯಲ್ಲಿ. ಉತ್ತರದಲ್ಲಿ ಟ್ರ್ಯಾಕ್ಟರ್ ಕಾರ್ಖಾನೆಯ ಸುತ್ತ ಉಳಿದಿದ್ದ ಜರ್ಮನ್ ಸೇನಾಪತಿ ಸ್ಟ್ರೆಕರ್‌ನ ತುಕಡಿ ಫೆಬ್ರವರಿ 2ರವರೆಗೆ ಹಿಡಿದು ನಿಂತಿತು. ಅಕ್ಟೋಬರಿನಲ್ಲಿ ಜರ್ಮನ್ನರು ಹಲವು ಡಿವಿಷನ್‌ಗಳ ರಕ್ತ ತೆತ್ತು ಗೆದ್ದಿದ್ದ ಆ ಶೆಡ್‌ಗಳನ್ನು ಸೋವಿಯತ್ ಕಡೆಯವರು ಕೋಣೆ ಕೋಣೆ ಹೊಕ್ಕು ಗೆಲ್ಲಲು ಹೋಗಲಿಲ್ಲ. ಫಿರಂಗಿಗಳನ್ನು ಸಾಲಾಗಿ ಒಟ್ಟುಗೂಡಿಸಿ ದೂರದಿಂದಲೇ ಹೊಡೆದರು. ತಿರುಗಿ ಹೊಡೆಯಲು ಒಳಗಿನವರ ಬಳಿ ಏನೂ ಉಳಿದಿರಲಿಲ್ಲ.